ಬೆನ್ನು ತಿರುಗಿಸಿ ನಿಂತ ವಕೀಲರು

ನಮ್ಮ ಬೀದಿಯ ಪಾರ್ಕಿಗೆ ವಕೀಲರ ಹೆಸರಿಡುತ್ತಾರಂತೆ. ಅದನ್ನು ಹೇಳುವುದಕ್ಕೆ, ಜೊತೆಗೆ ನನ್ನಿಂದ ಒಂದು ಉಪಕಾರ ಕೇಳುವುದಕ್ಕೆ, ಬಡಾವಣೆಯ ಸಮಿತಿಯ ಕಾರ್ಯದರ್ಶಿ ಪ್ರಸನ್ನ ಎನ್ನುವವರು ಈ ಆಷಾಢದಲ್ಲಿ ನಮ್ಮ ಮನೆಗೆ ಬಂದರು. ಬ್ಯಾಂಕಿನಿಂದ ನಿವೃತ್ತರಾದವರು, ಮರ್ಯಾದಸ್ಥರು; ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಟ್ಟು ಒಳಗೆ ಬಂದರು. ಚಾಮರಾಜಪೇಟೆಯ ನಮ್ಮ ಭಾಗದ ಇತಿಹಾಸ ಮತ್ತು ಇಲ್ಲಿ ಬಾಳಿ ಹೋದ ಮಹನೀಯರ ಪರಿಚಯ ಸೇರಿಸಿ ಅವರು ಒಂದು ಪುಸ್ತಕ ತರುತ್ತಿದ್ದಾರೆ. ಬಿಡುಗಡೆಯ ದಿನ ಹಳೆಯ ಫೋಟೋ, ಹಳೆಯ ಸಾಮಾನುಗಳ ಒಂದು ಪ್ರದರ್ಶನ. ಅದೇ ದಿನ ಪಾರ್ಕಿನ ಗೇಟಿಗೆ ಹೊಸ ಬೋರ್ಡು. ಕಾಫಿ ಕುಡಿದು ಲೋಟ ಕೆಳಗಿಟ್ಟು ವಿಷಯಕ್ಕೆ ಬಂದರು.

"ನಿಮ್ಮನೇಲಿ ದಸರಾಕ್ಕೆ ನಮ್ಮ ಏರಿಯಾನೇ ಗೊಂಬೇಲಿ ಮಾಡಿ ಇಡ್ತಿದ್ರಂತಲ್ಲ ಮೇಡಂ, ಅದ್ರಲ್ಲಿ ವಕೀಲರದ್ದೂ ಒಂದು ಗೊಂಬೆ ಇತ್ತಂತೆ. ಅದು ಸಿಕ್ಕಿದ್ರೆ ನಮ್ಮ ಪುಣ್ಯ. ಎಂಥಾ ದೊಡ್ಡ ಮನುಷ್ಯ, ಅಲ್ವಾ?"

ದೊಡ್ಡ ಮನುಷ್ಯ! ಈ ವಯಸ್ಸಿಗೆ ಸಿಟ್ಟು ಒಳ್ಳೆಯದಲ್ಲ ಎಂದು ನನ್ನ ಡಾಕ್ಟರು ಹೇಳುತ್ತಲೇ ಇರುತ್ತಾರೆ. ಆದರೂ ಆ ಮಾತು ಕಿವಿಗೆ ಬಿದ್ದ ಕೂಡಲೇ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಆ ದೊಡ್ಡ ಮನುಷ್ಯ ನನ್ನ ಸೋದರತ್ತೆ ರತ್ನಮ್ಮನ ಗಂಡ. ಮದುವೆಯಾಗಿ ಕೆಲವು ವರ್ಷವಾದರೂ ಮಕ್ಕಳಾಗಲಿಲ್ಲ ಎಂಬ ನೆಪ ಹೇಳಿ, ಒಂದು ಮಧ್ಯಾಹ್ನ ಅವಳನ್ನೂ ಅವಳ ಟ್ರಂಕನ್ನೂ ಜಟಕಾದಲ್ಲಿ ತಂದು, ನಮ್ಮ ಜಗುಲಿಯ ಮೇಲೆ ಇಳಿಸಿ, ಹೊಸ್ತಿಲು ಕೂಡ ದಾಟದೆ ಹೊರಟುಹೋದವರು. ಆಮೇಲೆ ಇನ್ನೊಂದು ಮದುವೆಯಾದರು. ಆ ಹೆಂಡತಿಗೂ ಮಕ್ಕಳಾಗಲಿಲ್ಲ. ಅದನ್ನು ಮಾತ್ರ ನಮ್ಮ ಪೇಟೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಅವರ ಮನೆಗೂ ನಮ್ಮ ಮನೆಗೂ ಮಧ್ಯೆ ಇದ್ದದ್ದು ಎರಡೇ ಅಡ್ಡರಸ್ತೆ. ಆ ಎರಡು ಅಡ್ಡರಸ್ತೆಯ ಆಚೆ ಅವರು ಹೆಣ್ಣುಮಕ್ಕಳಿಗೆ ಶಾಲೆ ಕಟ್ಟಿಸಿದರು, ಭಜನೆ ಮಂದಿರಕ್ಕೆ ಜಾಗ ಕೊಡಿಸಿದರು, ಸ್ತ್ರೀಯರ ಉದ್ಧಾರದ ಮೇಲೆ ಭಾಷಣ ಮಾಡಿದರು, ಹಾರ ಹಾಕಿಸಿಕೊಂಡರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಈಗಾಗಲೇ ಸಾಕಷ್ಟು ಕಲ್ಲುಗಳ ಮೇಲಿದೆ. ಇದು ನನ್ನ ಬರಹ. ಇಲ್ಲಿ ಅವರು ಬರೀ ವಕೀಲರು.

ನಾನು ಹುಟ್ಟಿ ಬೆಳೆದ ಮನೆ ರಸ್ತೆಗೆ ಮುಖ ಮಾಡಿದ ಉದ್ದನೆಯ ಮನೆ. ಮುಂದೆ ಜಗುಲಿ, ಒಳಗೆ ಬಂದರೆ ಹಜಾರ, ಆಮೇಲೆ ನಡುಮನೆ, ಪಕ್ಕಕ್ಕೆ ಉಗ್ರಾಣ, ಕೊನೆಗೆ ಅಡಿಗೆಮನೆ, ಅದರ ಹಿಂದೆ ಬಾವಿ ಇದ್ದ ಹಿತ್ತಲು. ಹಜಾರ ತಾತನದು. ಅಲ್ಲಿ ಅವರ ಈಜಿಚೇರು, ಅವರ ಪೇಪರು, ಅವರ ಸ್ನೇಹಿತರು, ಅವರ ಕೆಮ್ಮು. ಅಪ್ಪ ಕೂಡ ಅಲ್ಲಿ ಗೋಡೆಗೆ ಒರಗಿ ಕೂರುತ್ತಿರಲಿಲ್ಲ. ಹೆಂಗಸರಿಗೆ ಹಜಾರ ಎಂದರೆ ಗುಡಿಸುವ ಜಾಗ, ಅಷ್ಟೆ. ಅಮ್ಮ ಅಡಿಗೆಮನೆಯವಳು. ರತ್ನತ್ತೆ ಉಗ್ರಾಣದವಳು. ತರಗುಪೇಟೆಯಿಂದ ಬಂದ ಅಕ್ಕಿ, ರಾಗಿ, ಬೇಳೆಯ ಮೂಟೆಗಳ ಸಾಲಿಗೂ ಗೋಡೆಗೂ ನಡುವೆ ಒಂದು ಚಾಪೆ ಹಾಸುವಷ್ಟು ಜಾಗವಿತ್ತು; ಅದರಲ್ಲಿ ಅವಳ ಸಂಸಾರ. ತಲೆಯ ಹತ್ತಿರ ಅದೇ ಟ್ರಂಕು. ಅವಳು ತಬ್ಬಿಕೊಂಡರೆ ರಾಗಿಯ ವಾಸನೆ ಬರುತ್ತಿತ್ತು. ಮನೆಗೆ ಬಂದ ಮುತ್ತೈದೆಯರು ಅಮ್ಮನಿಗೆ ಕುಂಕುಮ ಕೊಟ್ಟು, ಆಮೇಲೆ ಅತ್ತೆಯ ಮುಂದೆ ಬಂದಾಗ ಭರಣಿ ಹಿಡಿದ ಕೈ ಒಂದು ಗಳಿಗೆ ಅನುಮಾನಿಸುತ್ತಿತ್ತು. ಗಂಡ ಬದುಕಿದ್ದಾನೆ, ಕೊಡಬೇಕು. ಗಂಡ ಬಿಟ್ಟಿದ್ದಾನೆ, ಕೊಡಬಹುದೇ? ಆ ಕೈಗಳನ್ನು ನೋಡುತ್ತ ನೋಡುತ್ತ ಬೆಳೆದವಳು ನಾನು. ಈಗಲೂ ಯಾರಾದರೂ ಕುಂಕುಮ ಕೊಡುವಾಗ ಕೈ ತಡವರಿಸಿದರೆ ನನಗೆ ಕಪಾಳಕ್ಕೆ ಬಿಡೋಣ ಅನ್ನಿಸುತ್ತದೆ.

ವರ್ಷದಲ್ಲಿ ನವರಾತ್ರಿಯೊಂದು ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತಿತ್ತು. ಈಜಿಚೇರು ಜಗುಲಿಗೆ ಹೋಗುತ್ತಿತ್ತು, ಹಜಾರ ಅತ್ತೆಯದಾಗುತ್ತಿತ್ತು. ಟ್ರಂಕು, ಹಲಗೆ, ಮಡಿಸಿದ ಕಂಬಳಿ ಜೋಡಿಸಿ ಮೇಲೆ ಬಿಳಿ ಪಂಚೆ ಹಾಸಿದರೆ ಗೊಂಬೆಯ ಮೆಟ್ಟಿಲು ಸಿದ್ಧ. ಎಲ್ಲಕ್ಕಿಂತ ಮೇಲೆ ಅಮ್ಮನ ಪಟ್ಟದ ಗೊಂಬೆಗಳು. ಮದುವೆಯಲ್ಲಿ ತವರಿನವರು ಮಗಳಿಗೆ ಕೊಟ್ಟು ಕಳಿಸುವ ಮರದ ರಾಜ ರಾಣಿಯ ಜೋಡಿ ಅದು. ಹೊಸ ಮನೆಯಲ್ಲಿ ಅವಳು ಗೊಂಬೆ ಕೂರಿಸಲು ಶುರುಮಾಡುವುದು ಅದರಿಂದಲೇ. ಅವಕ್ಕೆ ಪ್ರತಿವರ್ಷ ಹೊಸ ಸೀರೆ, ಹೊಸ ಪಂಚೆ. ಬೇರೆ ಮನೆಗಳಲ್ಲಿ ಮೆಟ್ಟಿಲಿನ ಕೆಳಗೆ ಒಂದು ಪುಟ್ಟ ಪಾರ್ಕು ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ಇಡೀ ಊರು. ಅತ್ತೆ ನಮ್ಮ ರಸ್ತೆಗಳನ್ನೇ ಮಾಡುತ್ತಿದ್ದಳು. ಬೆಂಕಿಪೊಟ್ಟಣ ಮತ್ತು ರಟ್ಟಿನ ಮನೆಗಳು, ಶಾಲೆ, ಪೋಸ್ಟಾಫೀಸು, ಬೇಕರಿ, ಜಟಕಾ ನಿಲ್ಲುವ ಜಾಗ. ಪಾರ್ಕಿಗೆ ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಬಿತ್ತಿ, ಮೊಳಕೆ ಬರಿಸಿ, ಹುಲ್ಲು ಮಾಡುತ್ತಿದ್ದಳು. ಅದಕ್ಕೆ ನೀರು ಚಿಮುಕಿಸುವುದು ನನ್ನ ಕೆಲಸ. ಆಮೇಲೆ ಜನ. ಕೆಂಪಾಂಬುಧಿ ಕೆರೆಯ ಮಣ್ಣು ತರಿಸಿ, ನಾದಿ, ಅಂಗೈ ಎತ್ತರದ ಜನರನ್ನು ತಿದ್ದುತ್ತಿದ್ದಳು. ಬಣ್ಣಕ್ಕೆ ಕೆಮ್ಮಣ್ಣು, ಸುಣ್ಣ, ದೀಪದ ಕಾಡಿಗೆ. ಜರಿಯ ಚೂರು, ಬೆಳ್ಳಿಯಂತೆ ಹೊಳೆಯುವ ಬೇಗಡೆಯ ಹಾಳೆ ಮಾಮೂಲ್‌ಪೇಟೆಯಿಂದ. ಆ ಗೊಂಬೆಗಳನ್ನು ಅವಳು ಎಂದೂ ಸುಡಿಸಲಿಲ್ಲ. ಯಾಕೆಂದು ಕೇಳಿದರೆ ಹೇಳುತ್ತಿದ್ದಳು.

"ಸುಟ್ಟರೆ ಹಾಗೇ ಕೂತ್ಬಿಡತ್ತೆ ಕಣೇ ಪುಟ್ಟಿ. ಹಸಿ ಇದ್ರೆ, ಬೇಡ ಅಂದಾಗ ನೀರಿಗೆ ಹಾಕಿದ್ರೆ ಆಯ್ತು, ಮತ್ತೆ ಮಣ್ಣು."

ನಮ್ಮ ಪೇಟೆಯ ಗಣ್ಯರೆಲ್ಲ ಆ ಊರಿನಲ್ಲಿದ್ದರು. ಕೊಡೆಯಿಲ್ಲದೆ ಮನೆಯಿಂದ ಹೊರಡದ ಡಾಕ್ಟರು, ಕಾಲಿಗೆ ಚಪ್ಪಲಿ ಮುಟ್ಟಿಸದ ಸಂಸ್ಕೃತ ಪಂಡಿತರು, ಹೊಟ್ಟೆ ಮುಂದೆ, ಸೈಕಲ್ಲು ಹಿಂದೆ ಎಂಬಂತೆ ಬರುವ ಪೋಸ್ಟ್‌ಮಾಸ್ಟರು. ಅವರೆಲ್ಲ ಹೆಂಡತಿ ಮಕ್ಕಳೊಡನೆ ಸಂಜೆ ಬಂದು ತಮ್ಮನ್ನು ತಾವೇ ಬಗ್ಗಿ ನೋಡಿಕೊಂಡು ಹೋಗುತ್ತಿದ್ದರು. ಎಂಥ ಜಗಳಗಳು! ತನ್ನ ಗಂಡನನ್ನು ಕಪ್ಪಗೆ ಮಾಡಿದ್ದಾರೆಂದು ಡಾಕ್ಟರ ಹೆಂಡತಿ ಒಂದು ವರ್ಷ ನಮ್ಮ ಮನೆಯ ಚಕ್ಕುಲಿ ಮುಟ್ಟಲಿಲ್ಲ. ಪಂಡಿತರಿಗಿಂತ ಪೋಸ್ಟ್‌ಮಾಸ್ಟರು ಅರ್ಧ ಬೆರಳು ಎತ್ತರವಾದರೆಂದು ಪಂಡಿತರು ತಾತನ ಹತ್ತಿರ ದೂರು ಹೇಳಿದರು. ನನಗೆ ಇದೆಲ್ಲ ಆಗ ತಮಾಷೆ. ಈಗ ಯೋಚಿಸಿದರೆ, ಅತ್ತೆಯನ್ನು ಬೀದಿಯಲ್ಲಿ ಕಂಡರೆ ಮಾತಾಡಿಸಬೇಕೋ ಬೇಡವೋ ಎಂದು ಆಚೆ ಈಚೆ ನೋಡುತ್ತಿದ್ದ ಇದೇ ಜನ, ಅವಳ ಕೈಯಲ್ಲಿ ತಾವು ಚೆನ್ನಾಗಿ ಮೂಡಿಬರಬೇಕೆಂದು ವರ್ಷವಿಡೀ ಕಾಯುತ್ತಿದ್ದರು.

ಆ ಊರಿನ ನಟ್ಟನಡುವೆ, ಶಾಲೆಯ ಮುಂದೆ, ಜರಿಪೇಟ, ಕರಿಕೋಟು, ಕೈಯಲ್ಲಿ ಬೆತ್ತ ಹಿಡಿದು ವಕೀಲರು ನಿಂತಿರುತ್ತಿದ್ದರು. ಅತ್ತೆಯೇ ಅವರನ್ನು ಮಾಡಬೇಕಿತ್ತು, ಪ್ರತಿವರ್ಷ ಹೊಸದಾಗಿ. ಅದು ತಾತನ ಅಪ್ಪಣೆ. ಮೊದಲ ವರ್ಷ ಅವಳು ಮಾಡಲಾರೆ ಎಂದಿದ್ದಳಂತೆ, ಅಮ್ಮ ಹೇಳಿದ್ದು. ಆಗ ತಾತ ಹೇಳಿದ ಮಾತನ್ನೂ ಅಮ್ಮ ಸಾಯುವವರೆಗೆ ಮರೆತಿರಲಿಲ್ಲ.

"ಊರಿಗೆ ದೊಡ್ಡವರು. ಅವರನ್ನ ಬಿಟ್ಟು ಊರು ಮಾಡೋಕಾಗತ್ತೇನೆ? ನೋಡಿದ ಜನ ಏನಂತಾರೆ? ಮನೆ ವಿಷಯ ಮನೇಲಿರ್ಲಿ."

ತಾತನ ಈ ದೊಡ್ಡತನದ ಹಿಂದೆ ಭಯವಿತ್ತು. ಅಪ್ಪ ಮೇಷ್ಟರಾಗಿದ್ದುದು ವಕೀಲರ ಶಾಲೆಯಲ್ಲಿ. ಅಕ್ಕನನ್ನು ಬಿಟ್ಟವನ ಶಾಲೆಯಲ್ಲಿ ತಮ್ಮ ಪಾಠ ಹೇಳಬೇಕು, ಎಂಥ ಏರ್ಪಾಡು ನೋಡಿ. ಮೊದಲು ಬಾಯಿತುಂಬ "ಭಾವ" ಎನ್ನುತ್ತಿದ್ದ ಅಪ್ಪ ಆಮೇಲೆ "ಸಾರ್" ಎನ್ನತೊಡಗಿದರು. ಸರಸ್ವತಿ ಪೂಜೆಯ ಸಂಜೆ ವಕೀಲರು ಗೊಂಬೆ ನೋಡಲು ಬರುತ್ತಿದ್ದರು. ಅವತ್ತು ಬೆಳಗಿನಿಂದಲೇ ಮನೆಯೆಲ್ಲ ತುದಿಗಾಲಿನಲ್ಲಿ. ದೇವರ ಪೆಟ್ಟಿಗೆಯಿಂದ ಬೆಳ್ಳಿಯ ಲೋಟ ಆಚೆ ಬರುತ್ತಿತ್ತು. ನಮ್ಮ ಮನೆಯಲ್ಲಿದ್ದ ಒಂದೇ ಬೆಳ್ಳಿಯ ಲೋಟ. ಅತ್ತೆ ಹುಣಿಸೆಹಣ್ಣು ಹಚ್ಚಿ ಅದನ್ನು ಬೆಳಗಬೇಕು, ಕಾಫಿ ಬೆರೆಸಬೇಕು, ಆಮೇಲೆ ಅಡಿಗೆಮನೆಯ ಬಾಗಿಲ ಹಿಂದೆ ಸರಿದು ನಿಲ್ಲಬೇಕು. ಅವರು ಹಜಾರದಲ್ಲಿ ತಾತನ ಈಜಿಚೇರಿನಲ್ಲೇ ಕೂತು, ತಮ್ಮ ಗೊಂಬೆಯನ್ನು ನೋಡಿ, ಪೇಟದ ಸುತ್ತು ಸರಿಯಾಗಿದೆ ಎಂದು ತಲೆದೂಗಿ, ಕಾಫಿ ಕುಡಿದು ಹೋಗುತ್ತಿದ್ದರು. ಮಾಡಿದವರು ಯಾರು ಎಂದು ಅವರು ಕೇಳಲಿಲ್ಲ. ಕೇಳದಿದ್ದುದನ್ನು ತಾತ ದೊಡ್ಡಗುಣ ಎಂದರು.

ಗೊಂಬೆಯ ದಿನಗಳಲ್ಲಿ ನಾವು ಮಕ್ಕಳು ಗುಂಪು ಕಟ್ಟಿಕೊಂಡು, ಯಾರ ಮನೆಯ ಬಾಗಿಲು ತೆರೆದಿದ್ದರೂ ನುಗ್ಗಿ "ಗೊಂಬೆ ಕೂರ್ಸಿದೀರಾ?" ಎಂದು ಕೂಗುತ್ತಿದ್ದೆವು. ಕೂರಿಸಿದ್ದರೆ ಒಂದು ಹಾಡು ಹೇಳುವುದು, ಕೊಟ್ಟ ಕೊಬ್ಬರಿ ಮಿಠಾಯಿಯನ್ನೋ ಕೋಡುಬಳೆಯನ್ನೋ ಲಂಗದಲ್ಲಿ ಕಟ್ಟಿಕೊಂಡು ಮುಂದಿನ ಮನೆಗೆ ಓಡುವುದು. ನನಗೆ ಎಂಟು ವರ್ಷವಿರಬೇಕು. ಆ ವರ್ಷ ಗುಂಪಿನ ಜೊತೆ ವಕೀಲರ ಮನೆಗೂ ನುಗ್ಗಿದೆ. ನಮ್ಮ ಮನೆಯವರು ಅಲ್ಲಿಗೆ ಹೋಗಬಾರದೆಂದು ಯಾರೂ ನನಗೆ ಹೇಳಿರಲಿಲ್ಲ, ಆ ಮನೆಯ ಮಾತನ್ನೇ ಆಡುತ್ತಿರಲಿಲ್ಲವಲ್ಲ. ವಕೀಲರ ಎರಡನೆಯ ಹೆಂಡತಿ ಸಾಧು ಹೆಂಗಸು, ಎಲ್ಲರ ಕೈತುಂಬ ರವೆ ಉಂಡೆ ಕೊಟ್ಟರು. ನಾನು ಉಂಡೆ ಬಾಯಿಗಿಟ್ಟುಕೊಂಡು ತಲೆಯೆತ್ತಿ ನೋಡಿದೆ. ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆಗಳು. ರಾಣಿಯ ಕಿರೀಟದ ಒಂದು ಮೂಲೆಯಲ್ಲಿ ಕೆಂಪು ಅರಗಿನ ತೇಪೆ.

ಆ ತೇಪೆ ನನಗೆ ಗೊತ್ತಿತ್ತು. ಮೂಟೆಗಳ ಮಧ್ಯೆ ಮಲಗಿಕೊಂಡು ಅತ್ತೆ ಎಷ್ಟೋ ಸಲ ಹೇಳಿದ್ದ ಕಥೆ ಅದು. ಅವಳ ಮದುವೆಗೆಂದು ತಂದಿಟ್ಟ ಜೋಡಿಯಲ್ಲಿ ರಾಣಿಯ ಕಿರೀಟವನ್ನು ಇಲಿ ಕಡಿದದ್ದು, ಬೇರೆ ತರಲು ಸಮಯವಿಲ್ಲದೆ ಅವಳೇ ಅರಗು ಕರಗಿಸಿ ಮೆತ್ತಿದ್ದು, ಬೆರಳು ಸುಟ್ಟುಕೊಂಡದ್ದು. ಆ ಗೊಂಬೆಗಳು ಎಲ್ಲಿ ಎಂದು ಕೇಳಿದರೆ ಮಾತ್ರ "ಎಲ್ಲೋ ಇವೆ, ಮಲಗು" ಎನ್ನುತ್ತಿದ್ದಳು. ನಾನು ಒಂದೇ ಉಸಿರಿಗೆ ಮನೆಗೆ ಓಡಿಬಂದೆ. ಅತ್ತೆ ಅಡಿಗೆಮನೆಯಲ್ಲಿ ಒರಳಿನ ಮುಂದೆ ಕೂತು ರುಬ್ಬುತ್ತಿದ್ದಳು. ಹೇಳಿದೆ. ಅವಳ ಕೈ ನಿಂತಿತು. ತಿರುಗಿ ನೋಡಲಿಲ್ಲ.

"ಇದ್ಯಾ ಇನ್ನೂ? ಯಾವ ಬಣ್ಣದ ಸೀರೆ ಉಡ್ಸಿದಾರೆ?"

"ಹಸಿರು. ಅತ್ತೆ, ಅದು ನಿಂದಲ್ವಾ?"

"ಹಸಿರು ಒಪ್ಪತ್ತೆ ಅವಳಿಗೆ," ಎಂದು ಅತ್ತೆ ಮತ್ತೆ ರುಬ್ಬತೊಡಗಿದಳು.

ಟ್ರಂಕನ್ನು ತಂದಿಳಿಸಿದವರಿಗೆ ಗೊಂಬೆಗಳನ್ನು ತಂದಿಳಿಸಲು ಪುರುಸೊತ್ತಾಗಲಿಲ್ಲ. ಇವಳ ತವರಿನವರು ಇವಳಿಗೆ ಕೊಟ್ಟದ್ದನ್ನು ಆ ಮನೆಯಲ್ಲಿ ವರ್ಷವರ್ಷ ಮೇಲಿನ ಮೆಟ್ಟಿಲಲ್ಲಿ ಕೂರಿಸಿ ಆರತಿ ಎತ್ತುತ್ತಿದ್ದರು. ತಾತ ಕೊಟ್ಟ ಗೊಂಬೆ, ತಾತನೇ ಕೇಳಲಿಲ್ಲ. ಅಪ್ಪ ಕೇಳಲಿಲ್ಲ. ಹಾಗಾದರೆ ಯಾರು ಕೇಳಬೇಕು? ಎರಡು ದಿನ ಬಿಟ್ಟು ಸರಸ್ವತಿ ಪೂಜೆಯ ಸಂಜೆ ವಕೀಲರು ಬಂದು ಈಜಿಚೇರಿನಲ್ಲಿ ಕೂತು, ಬೆಳ್ಳಿಯ ಲೋಟವನ್ನು ಬಾಯಿಗಿಡುವ ಹೊತ್ತಿಗೆ ನಾನು ಅವರ ಮುಂದೆ ಹೋಗಿ ನಿಂತೆ.

"ನಮ್ಮತ್ತೆ ಗೊಂಬೆ ನಿಮ್ಮನೇಲಿದೆ. ವಾಪಸ್ ಕೊಡಿ."

ಅಪ್ಪನ ಕೈ ನನ್ನ ಕೆನ್ನೆಗೆ ಬಿದ್ದ ಸದ್ದು ನನಗೆ ಮೊದಲು ಕೇಳಿಸಿತು, ನೋವು ಆಮೇಲೆ ಗೊತ್ತಾಯಿತು. ಅದಕ್ಕೆ ಮೊದಲು ಅಪ್ಪ ನನ್ನನ್ನು ಎಂದೂ ಹೊಡೆದವರಲ್ಲ. ಹೊಡೆದು, ನನ್ನ ಕಡೆ ನೋಡದೆ, ಅವರ ಕಡೆ ತಿರುಗಿ "ಮಗು ಸಾರ್, ಏನೋ ಆಡತ್ತೆ, ಕ್ಷಮಿಸ್ಬೇಕು" ಎಂದು ಕೈ ಮುಗಿದರು. ವಕೀಲರು ನಕ್ಕರು. ಮಕ್ಕಳು ದೇವರಿದ್ದಂತೆ ಎಂದರು. ಪೂರ್ತಿ ಕಾಫಿ ಕುಡಿದರು. ನಾನು ಇವತ್ತು ಏನಾಗಿದ್ದೇನೋ, ಯಾರ ಮುಂದೆಯೂ ನಾಲಿಗೆ ತಡೆಯಲಾರದ, ನೆಂಟರಿಷ್ಟರಿಗೆ ಬೇಡವಾದ ಈ ಮುದುಕಿ, ಅದು ಆ ಹಜಾರದಲ್ಲಿ, ಆ ನಗುವಿನ ಎದುರಿನಲ್ಲಿ ತಯಾರಾಯಿತು. ಏಟಿಗೆ ನಾನು ಅಳಲಿಲ್ಲ. ಅಪ್ಪನ ಮುಗಿದ ಕೈ ನೋಡಿ ಅಳು ಬಂತು.

ಅವತ್ತು ರಾತ್ರಿ ಅತ್ತೆ ನನ್ನ ಕೆನ್ನೆಗೆ ಬೆಣ್ಣೆ ಹಚ್ಚಿದಳು, ಅಷ್ಟೆ. ವಿಜಯದಶಮಿಯ ಸಂಜೆ ಎಂದಿನಂತೆ ಪಟ್ಟದ ಗೊಂಬೆಗಳನ್ನು ಮಲಗಿಸಿ ಹಾಡು ಹೇಳಿದಳು. ಮಾರನೆಯ ದಿನ ವಕೀಲರ ಗೊಂಬೆಯನ್ನು ಹಿತ್ತಲಿನ ಬಕೆಟ್ಟಿಗೆ ಹಾಕಿ ಕರಗಿಸಿದ್ದು ನೋಡಿದೆ. ಅದರಲ್ಲಿ ಹೊಸದೇನಿರಲಿಲ್ಲ, ಪ್ರತಿವರ್ಷವೂ ಅವರನ್ನು ಕರಗಿಸುತ್ತಿದ್ದಳು. ಉಳಿದವರನ್ನೆಲ್ಲ ಹಳೆಯ ಪಂಚೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿ ಇಡುತ್ತಿದ್ದಳು, ಅವರೊಬ್ಬರಿಗೆ ಮಾತ್ರ ಟ್ರಂಕಿನಲ್ಲಿ ಜಾಗವಿರಲಿಲ್ಲ.

ಮುಂದಿನ ನವರಾತ್ರಿ ಬಂತು. ಊರು ಎದ್ದಿತು, ರಾಗಿಯ ಹುಲ್ಲು ಎದ್ದಿತು. ಶಾಲೆಯ ಮುಂದಿನ ಜಾಗವನ್ನು ಅತ್ತೆ ಕೊನೆಯವರೆಗೂ ಖಾಲಿ ಬಿಟ್ಟಿದ್ದಳು. ಸರಸ್ವತಿ ಪೂಜೆಯ ಮಧ್ಯಾಹ್ನ ಎಲ್ಲರೂ ಊಟ ಮಾಡಿ ಅಡ್ಡಾಗಿದ್ದಾಗ ವಕೀಲರನ್ನು ತಂದಿಟ್ಟಳು. ಸಂಜೆ ದೀಪ ಹಚ್ಚಿದ ಮೇಲೆ ವಕೀಲರು ಬಂದರು, ಜೊತೆಗೆ ಡಾಕ್ಟರು, ಪಂಡಿತರು, ಇನ್ನೂ ನಾಲ್ಕು ಜನ. ವಕೀಲರು ಬೆತ್ತ ಊರಿ ಬಗ್ಗಿ ನೋಡಿದರು. ಶಾಲೆಯ ಮುಂದೆ ಜರಿಪೇಟದ ಹಿಂಭಾಗ, ಕರಿಕೋಟಿನ ಬೆನ್ನು, ಪಂಚೆಯ ಕಚ್ಚೆ. ಗೊಂಬೆ ನೋಡುವವರಿಗೆ ಬೆನ್ನು ತಿರುಗಿಸಿ ನಿಂತಿತ್ತು. ಕೋಟಿನ ನೆರಿಗೆ, ಎಡಭುಜ ಸ್ವಲ್ಪ ಜಾರಿದ ಭಂಗಿ, ಕತ್ತಿನ ಹಿಂದಿನ ಮಡಿಕೆ. ಯಾರು ಎಂದು ಕೇಳುವ ಅಗತ್ಯವೇ ಇರಲಿಲ್ಲ.

"ಏನು ಸ್ವಾಮಿ, ನಮ್ಮನ್ನ ಆ ಕಡೆ ತಿರುಗಿಸಿಬಿಟ್ಟಿದೀರಿ?" ಎಂದರು ವಕೀಲರು, ತಾತನಿಗೆ.

ತಾತ ಅವಸರದಿಂದ ಕೈ ಚಾಚಿ ಗೊಂಬೆಯನ್ನು ತಿರುಗಿಸಿದರು. ಮುಂದೆ ಏನೂ ಇರಲಿಲ್ಲ. ಕಣ್ಣಿಲ್ಲ, ಮೂಗಿಲ್ಲ, ಕೋಟಿನ ಗುಂಡಿಯಿಲ್ಲ. ಹಲಗೆಯಂತೆ ಸಪಾಟಾದ ಮಣ್ಣು. "ಮುಖ ಎಲ್ಲೇ?" ಎಂದು ಅವರು ಅಡಿಗೆಮನೆಯ ಕಡೆಗೆ ಕೂಗಿದರು. ರತ್ನತ್ತೆ ಬಾಗಿಲ ಹಿಂದಿನಿಂದ ಈಚೆ ಬಂದಳು. ಬೆಳ್ಳಿಯ ಲೋಟ ಅವಳ ಕೈಯಲ್ಲೇ ಇತ್ತು. ಅಷ್ಟು ವರ್ಷಗಳಲ್ಲಿ ಅವರ ಎದುರು ಅವಳು ಮಾತಾಡಿದ್ದು ಅದೇ ಮೊದಲು. ದನಿ ಎತ್ತರಿಸಲೂ ಇಲ್ಲ, ತಗ್ಗಿಸಲೂ ಇಲ್ಲ.

"ನಾನು ಕಡೇ ಸಲ ನೋಡಿದಾಗ ಹೀಗೇ ಕಾಣ್ತಿದ್ರು. ಟ್ರಂಕು ಜಗುಲಿ ಮೇಲಿಟ್ಟು ಹೊರಟ್ರಲ್ಲ, ಆಗ. ನೋಡಿದ್ದನ್ನ ಮಾಡಿದೀನಿ."

ಡಾಕ್ಟರು ಕೊಡೆಯ ಹಿಡಿಯನ್ನೇ ನೋಡತೊಡಗಿದರು. ಪಂಡಿತರಿಗೆ ಸಂಧ್ಯಾವಂದನೆಯ ನೆನಪಾಯಿತು. ವಕೀಲರ ಮುಖ ಮೊದಲು ಕೆಂಪಗಾಗಿ ಆಮೇಲೆ ಬೂದಿಯ ಬಣ್ಣಕ್ಕೆ ತಿರುಗಿತು. ಬೆತ್ತ ಎತ್ತಿಕೊಂಡು ಜಗುಲಿಯಿಳಿದು ಹೊರಟರು. ನಾವೆಲ್ಲ ಬಾಗಿಲಲ್ಲಿ ನಿಂತು ನೋಡಿದೆವು. ಗೊಂಬೆಯಂತೆಯೇ ಕಾಣುತ್ತಿದ್ದರು, ಎಡಭುಜ ಸ್ವಲ್ಪ ಜಾರಿತ್ತು. ಅತ್ತೆ ಹಜಾರದ ನಡುವೆ, ತಾತನ ಈಜಿಚೇರಿನ ಪಕ್ಕದಲ್ಲಿ ನಿಂತು, ಬೆಳ್ಳಿಯ ಲೋಟದ ಕಾಫಿಯನ್ನು ತಾನೇ ಕುಡಿದಳು. ನಿಧಾನವಾಗಿ, ಪೂರ್ತಿ.

ತಾತ ಊರನ್ನು ಕಿತ್ತುಹಾಕಿಸಿದರು. ಇನ್ನು ನಮ್ಮ ಮನೆಯಲ್ಲಿ ಊರು ಗೀರು ಏನೂ ಬೇಡ ಎಂದರು. ಅಪ್ಪ ನಾಳೆಯೇ ಕೆಲಸ ಹೋಗುತ್ತದೆಂದು ವಾರಗಟ್ಟಲೆ ಸರಿಯಾಗಿ ಊಟ ಮಾಡಲಿಲ್ಲ. ಏನಾಯಿತು ಗೊತ್ತೇ? ಏನೂ ಆಗಲಿಲ್ಲ. ವಕೀಲರು ನಮ್ಮ ಮನೆಗೆ ಬರುವುದನ್ನು ಬಿಟ್ಟರು, ಅಷ್ಟೆ. ಅಪ್ಪ ಅದೇ ಶಾಲೆಯಲ್ಲಿ ಹೆಡ್‌ಮೇಷ್ಟರಾಗಿ ನಿವೃತ್ತರಾದರು. ಯಾವುದಕ್ಕೆ ಹೆದರಿ ಅತ್ತೆಯ ಕೈಯಿಂದ ವಕೀಲರನ್ನು ಮಾಡಿಸಿ ಮಾಡಿಸಿ ಇಟ್ಟರೋ, ಆ ಗುಮ್ಮ ಬರಲೇ ಇಲ್ಲ. ಇದನ್ನು ನೆನೆಸಿಕೊಂಡಾಗಲೇ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುವುದು. ವಕೀಲರ ಮೇಲಲ್ಲ, ನಮ್ಮವರ ಮೇಲೆ. ವಕೀಲರ ಆ ಗೊಂಬೆಯನ್ನು ಆ ಸಲ ಅತ್ತೆ ಕರಗಿಸಲಿಲ್ಲ. ಉಳಿದವರ ಜೊತೆಗೇ ಪಂಚೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ತಾತ ಹೋದರು, ಅಪ್ಪ ಅಮ್ಮ ಹೋದರು, ಅತ್ತೆಯೂ ಹೋದಳು. ಟ್ರಂಕು ನನ್ನ ಹತ್ತಿರ ಉಳಿಯಿತು.

ಪ್ರಸನ್ನ ಅವರಿಗೆ ನಾನು ಇಷ್ಟನ್ನೂ ಹೇಳಿದೆ. ಹೇಳಿ, ಗೊಂಬೆ ತೋರಿಸಿದೆ. ಕೊಡುತ್ತೇನೆ, ಆದರೆ ಒಂದು ಷರತ್ತು ಎಂದೆ: ಅತ್ತೆ ಇಟ್ಟಂತೆಯೇ ಬೆನ್ನು ಈ ಕಡೆ ಮಾಡಿ ಇಡಬೇಕು, ಕೆಳಗೆ ಅವಳ ಹೆಸರು, ಅವಳು ಆಡಿದ ಮಾತು ಬರೆದಿರಬೇಕು. ಪುಸ್ತಕ ನಿಮ್ಮದು, ಬೋರ್ಡು ನಿಮ್ಮದು, ಅವಳದ್ದು ಅಂತ ಇರುವುದು ಇದೊಂದೇ. ಅವರು ಎದೆಯ ಮೇಲೆ ಕೈಯಿಟ್ಟುಕೊಂಡು ಒಪ್ಪಿದರು. ನಾನು ನಂಬಿದೆ.

ನವರಾತ್ರಿಗೆ ಒಂದು ವಾರ ಮೊದಲು ಕಾರ್ಯಕ್ರಮ. ಶಾಲೆಯ ಸಭಾಂಗಣದ ಬಾಗಿಲಲ್ಲೇ ದೊಡ್ಡ ಹಿತ್ತಾಳೆಯ ಉರುಳಿಯಲ್ಲಿ ನೀರು ತುಂಬಿ ಗುಲಾಬಿ ಎಸಳು ತೇಲಿಬಿಟ್ಟಿದ್ದರು. ಒಳಗೆ ಗಾಜಿನ ಮೇಜಿನ ಮೇಲೆ ಗೊಂಬೆ. ಮುಖ ಈ ಕಡೆಗಿತ್ತು. ಹೌದು, ಮುಖ. ಸಪಾಟಾಗಿದ್ದ ಮಣ್ಣಿನ ಮೇಲೆ ಎನಾಮಲ್ ಬಣ್ಣದಲ್ಲಿ ಕಣ್ಣು, ಕನ್ನಡಕ, ಮೀಸೆ, ಗುಲಾಬಿ ತುಟಿ, ತುಟಿಯ ಮೇಲೆ ಒಂದು ನಗು. ಕೆಳಗೆ ವಕೀಲರ ಹೆಸರು, ಬಿರುದು. ಅತ್ತೆಯ ಹೆಸರಿಲ್ಲ. ನಾನು ಪ್ರಸನ್ನ ಅವರನ್ನು ಕರೆದೆ.

"ಏನಿದು?"

"ಸರ್‌ಪ್ರೈಸ್ ಮೇಡಂ! ಆರ್ಟಿಸ್ಟ್‌ನ ಕರ್ಸಿ, ಹಳೇ ಫೋಟೋ ನೋಡ್ಕೊಂಡು ಮಾಡ್ಸಿದ್ವಿ. ಎಷ್ಟು ಲಕ್ಷಣವಾಗಿ ಬಂದಿದೆ ನೋಡಿ."

"ನಾನು ನಿಮ್ಗೆ ಹೇಳಿರ್ಲಿಲ್ವಾ?"

"ಹೇಳಿದ್ರಿ ಮೇಡಂ, ಇಲ್ಲ ಅಂತಿಲ್ಲ. ಆದ್ರೆ ಫಂಕ್ಷನ್‌ನಲ್ಲಿ ಬೆನ್ನು ತೋರಿಸಿ ಹೇಗೆ ನಿಲ್ಸೋದು? ಆಗಿದ್ದಾಯ್ತು, ಮನೆ ವಿಷಯ ಮನೇಲಿರ್ಲಿ ಅಂತ."

ತಾತನೇ ಎದ್ದು ಬಂದಂತಾಯಿತು. ಆ ಮಾತಿಗೆ ಸಾವೇ ಇಲ್ಲವೇ? ನಾನು ಗೊಂಬೆಯನ್ನು ಎತ್ತಿಕೊಂಡೆ. ಮೇಡಂ, ಮೇಡಂ ಎಂದು ಅವರು ಹಿಂದೆಯೇ ಬಂದರು. ಬಾಗಿಲಿಗೆ ಹೋಗಿ ಉರುಳಿಯ ನೀರಿಗೆ ಹಾಕಿದೆ. ಹಾಕಿದ್ದು ಅತ್ತೆಯ ಕೈಕೆಲಸವನ್ನೇ, ಸುಳ್ಳು ಹೇಳುವುದಿಲ್ಲ. ಆದರೆ ಅವಳು ಮಾಡಿದ್ದನ್ನು ಅವರು ಆಗಲೇ ಅಳಿಸಿದ್ದರು, ನಾನು ಅಳಿಸಿದ್ದು ಅವರು ಮಾಡಿದ್ದನ್ನು. ಯಾರೂ ಕೈ ಹಾಕದಂತೆ ಅಲ್ಲೇ ಕಾವಲು ನಿಂತೆ. ಸುಡದ ಮಣ್ಣು, ಗುಳ್ಳೆ ಬಿಡುತ್ತ ಬಿರಿಯಿತು. ಪೇಟ ಹೋಯಿತು, ಭುಜ ಹೋಯಿತು. ಕೊನೆಗೆ ಎನಾಮಲ್ಲಿನ ಮುಖ ಸಿಪ್ಪೆಯಂತೆ ಕಳಚಿ ಎಸಳುಗಳ ನಡುವೆ ತೇಲಿತು, ನಗುತ್ತಲೇ. ಅದನ್ನು ತೆಗೆದು ಪ್ರಸನ್ನ ಅವರ ಕೈಗೆ ಕೊಟ್ಟೆ. ನೀರು ಬಗ್ಗಿಸಿ, ತಳದಲ್ಲಿದ್ದ ಮಣ್ಣನ್ನು ಕವರಿಗೆ ತುಂಬಿಕೊಂಡು ಮನೆಗೆ ಬಂದೆ. ಬೋರ್ಡು ಹಾಕಿದರಂತೆ. ಹಾಕಿಕೊಳ್ಳಲಿ.

ಈ ವರ್ಷ ನಮ್ಮ ಮನೆಯಲ್ಲಿ ಮತ್ತೆ ಊರು ಎದ್ದಿದೆ. ಟ್ರಂಕಿನಿಂದ ಡಾಕ್ಟರು, ಪಂಡಿತರು, ಪೋಸ್ಟ್‌ಮಾಸ್ಟರು ಎಲ್ಲರೂ ಈಚೆ ಬಂದು ತಂತಮ್ಮ ಜಾಗದಲ್ಲಿ ನಿಂತಿದ್ದಾರೆ. ಹೊಸ ಮಣ್ಣು ತರಿಸಿ, ನನಗೆ ಬಂದಷ್ಟರಲ್ಲಿ, ಮೊದಲ ಸಲ ರತ್ನತ್ತೆಯನ್ನು ಮಾಡಿದ್ದೇನೆ. ಮೂಗು ಸೊಟ್ಟಗಾಗಿದೆ, ಪರವಾಗಿಲ್ಲ. ಅವಳಿಗೆ ಹಸಿರು ಸೀರೆ. ಕೈಯಲ್ಲಿ ಬೇಗಡೆ ಸುತ್ತಿದ ಒಂದು ಪುಟ್ಟ ಬೆಳ್ಳಿ ಲೋಟ. ಉರುಳಿಯಿಂದ ತಂದ ಮಣ್ಣನ್ನು ತಟ್ಟೆಗೆ ಸುರಿದು ರಾಗಿ ಬಿತ್ತಿದ್ದೆ, ಒಳ್ಳೆಯ ಹುಲ್ಲು ಬಂದಿದೆ. ವಕೀಲರ ಹೆಸರಿಗೆ ಒಂದು ಪಾರ್ಕು ಬೇಕು ಅಂದಿದ್ದರಲ್ಲ ಸಮಿತಿಯವರು, ನಮ್ಮ ಮನೆಯಲ್ಲೂ ಆಯಿತು. ಅತ್ತೆ ಅದರ ಮೇಲೆ ಕಾಲು ಚಾಚಿ ಕೂತು ಕಾಫಿ ಕುಡಿಯುತ್ತಿದ್ದಾಳೆ.